ಕೈಲ್ ಮುಹೂರ್ತ: ಕೇಪಿನ ಕೋವಿ ತರುವವರ ಗಮನಕ್ಕೆ

ಸದಸ್ಯರೆಲ್ಲರಿಗೂ ನಮಸ್ಕಾರ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ, ಸೆಪ್ಟೆಂಬರ್ 3ರಂದು, ಪೂಜೆಯ ನಂತರ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಕೇಪಿನ ಕೋವಿ (ನಳಿಗೆಯ ಬಾಯಿಯಿಂದ ಮದ್ದು, ಗುಂಡು ತುಂಬಿ, ಕೇಪು ಎಂಬ ಪುಟ್ಟ ಸಿಡಿಮದ್ದಿನ ಟೋಪಿಯಿಂದ ಹಾರಿಸುವ ಹಳೆಯ ಬಗೆಯ ಕೋವಿ) ತರುವವರು, ಕೋವಿಯ ಪರವಾನಗಿ ಅಥವಾ ಅದರಿಂದ ವಿನಾಯಿತಿ ನೀಡಿದ ಪತ್ರದೊಂದಿಗೆ, ನಳಿಗೆ ಖಾಲಿಯಿರುವುದನ್ನು ಖಚಿತಪಡಿಸಿಕೊಂಡೇ ಬರಬೇಕಾಗಿ ವಿನಂತಿ. ಹಳೆಯ ಮದ್ದು ಒಳಗಿದ್ದರೆ ಕಣ್ಣಿಗೆ ಕಾಣದು; ಗಜವನ್ನು (ಮದ್ದು ತುಂಬುವ ಕೋಲನ್ನು) ನಳಿಗೆಯೊಳಗೆ ಇಳಿಸಿ, ಅದು ತಳ ಮುಟ್ಟುತ್ತದೆಯೇ ಎಂದು, ಒಳಗಿಳಿದಷ್ಟು ಉದ್ದವನ್ನು ನಳಿಗೆಯ ಹೊರಬದಿಗೆ ಹಿಡಿದು ಅಳೆದು ನೋಡಿ. ಈ ಕೋವಿಗೆ ಹಾಕುವ ಕರಿಮದ್ದಿನ (ಹಳೆಯ ಬಗೆಯ ಕಪ್ಪು ಕೋವಿಮದ್ದಿನ) ಬದಲು ತೋಟೆಯಿಂದ (ಕಾರ್ಟ್ರಿಜ್‌ನಿಂದ) ತೆಗೆದ ಹೊಗೆರಹಿತ ಮದ್ದನ್ನು ಚಿಟಿಕೆಯಷ್ಟೂ ಹಾಕುವಂತಿಲ್ಲ, ನಳಿಗೆಯೇ ಸಿಡಿದೀತು. ಕೇಪನ್ನು ಗುರಿಯೆದುರು ನಿಂತ ಮೇಲಷ್ಟೇ ಇಡಬೇಕು; ಕೇಪು ಸಿಡಿದೂ ಗುಂಡು ಹಾರದಿದ್ದರೆ ಕನಿಷ್ಠ 1 ನಿಮಿಷ ಕೋವಿಯನ್ನು ಗುರಿಯತ್ತಲೇ ಹಿಡಿದಿರಬೇಕು. ಕರಿಮದ್ದಿನ ಮಸಿ ತೇವ ಹೀರಿ ಬೇಗ ತುಕ್ಕು ಹಿಡಿಸುವುದರಿಂದ (ನಮ್ಮ ಮಳೆಯನ್ನು ಹೇಳಬೇಕಾಗಿಲ್ಲ), ಅದೇ ಸಂಜೆ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ. ಭಾಗವಹಿಸುವವರು ಆಗಸ್ಟ್ 30ರೊಳಗೆ ಇಲ್ಲಿಯೇ ಹೆಸರು ತಿಳಿಸಿ ಸಹಕರಿಸಬೇಕು.