ಮಗಳ ಬಗ್ಗೆ ಬರೆದ ಒಂದೇ ಸಾಲು

ಚಿ. ಸೌ. ಸುಮಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮಗನ ಸಿಟ್ಟಿನ ಬಗ್ಗೆ ಎರಡು ಪುಟ ಬರೆದಿದ್ದೀಯ. ಮಗಳ ಬಗ್ಗೆ ಒಂದೇ ಸಾಲು: "ಅವಳೇನೂ ತೊಂದರೆ ಕೊಡಲ್ಲ." ನನಗೆ ಚಿಂತೆ ಹಚ್ಚಿದ್ದು ಆ ಸಾಲೇ.

ಸ್ವಭಾವ ಕಾಯಿಲೆಯಲ್ಲ. ಆದರೆ ಕಷ್ಟ ಬಂದಾಗ ಮನಸ್ಸು ಯಾವ ಕಡೆ ವಾಲುತ್ತದೆ ಅನ್ನುವುದರಲ್ಲಿ ಅದರ ಪಾಲೂ ಇದೆ. ಬೇಗ ನೊಂದುಕೊಳ್ಳುವ ಮಕ್ಕಳು ಒಳಗೇ ಬೇಯುತ್ತಾರೆ. ಆತಂಕ, ಖಿನ್ನತೆ ಬರುವುದು ಅವರಲ್ಲೇ ಹೆಚ್ಚು. ದುಡುಕಿನ ಮಕ್ಕಳದು ಜಗಳ, ಸುಳ್ಳು, ಸ್ಕೂಲಿಗೆ ಚಕ್ಕರ್. ಹೊರಗಿನ ಗಲಾಟೆ ಎಲ್ಲರಿಗೂ ಕೇಳಿಸುತ್ತದೆ, ಒಳಗಿನದು ತಡವಾಗಿ ಗೊತ್ತಾಗುತ್ತದೆ.

ನ್ಯೂಯಾರ್ಕಿನಲ್ಲಿ ಥಾಮಸ್ ಮತ್ತು ಚೆಸ್ ಎಂಬ ವೈದ್ಯ ದಂಪತಿ 1956ರಿಂದ ನೂರಕ್ಕೂ ಹೆಚ್ಚು ಮಕ್ಕಳನ್ನು ಕೂಸಾಗಿದ್ದಾಗಿನಿಂದ ಗಮನಿಸುತ್ತ ಬಂದರು. ಅವರು ಕಂಡುಕೊಂಡದ್ದು ಇಷ್ಟು: ಹಠದ ಸ್ವಭಾವವೊಂದರಿಂದಲೇ ಮಗು ಕೆಡುವುದಿಲ್ಲ, ಆ ಸ್ವಭಾವಕ್ಕೂ ಮನೆಯ ರೀತಿಗೂ ತಾಳೆಯಾಗದಿದ್ದಾಗ ಕೆಡುತ್ತದೆ. ಹಾಗಾಗಿ ಇಬ್ಬರನ್ನೂ ಒಂದೇ ಅಳತೆಯಲ್ಲಿ ಬೆಳೆಸಲು ಹೋಗಬೇಡ.

ಮಗನ ವಿಷಯ ಮೊದಲು ಮುಗಿಸುತ್ತೇನೆ. ಮೊಬೈಲ್ ಕಿತ್ತುಕೊಳ್ಳುತ್ತೀಯ, ಅವನು ಕಿರುಚುತ್ತಾನೆ, ಅಕ್ಕಪಕ್ಕದವರಿಗೆ ಕೇಳುತ್ತದಲ್ಲ ಅಂತ ವಾಪಸ್ ಕೊಡುತ್ತೀಯ. ಕಿರುಚಿದರೆ ಸಿಗುತ್ತದೆ ಅಂತ ಅವನು ಕಲಿತ, ಕೊಟ್ಟರೆ ಗಲಾಟೆ ನಿಲ್ಲುತ್ತದೆ ಅಂತ ನೀನು ಕಲಿತೆ. ಎರಡೇ ನಿಯಮ ಇಟ್ಟುಕೊ. ಅದನ್ನೂ ಅವನು ಸಮಾಧಾನವಾಗಿರುವಾಗ ಕೂರಿಸಿಕೊಂಡು ಮಾಡು. ತಪ್ಪಿದರೆ ಮರುದಿನ ಅರ್ಧ ಗಂಟೆ ಕಡಿತ, ಅಷ್ಟೇ. ತಿಂಗಳುಗಟ್ಟಲೆ ಶಿಕ್ಷೆ ಬೇಡ, ನಿನ್ನ ಕೈಲೇ ನಡೆಸೋಕಾಗಲ್ಲ. ಮೊದಮೊದಲು ಕೂಗಾಟ ಹೆಚ್ಚಾಗುತ್ತದೆ. ಆಗ ಸೋತರೆ ಇನ್ನೂ ಜೋರಾಗಿ ಕೂಗುವುದನ್ನು ಕಲಿಸಿದ ಹಾಗೆ.

ಮಗಳಿಗೆ ನೀನು ಮಾಡುತ್ತಿರುವುದು ಇದರ ತಿರುವುಮುರುವು. ಯಾರಾದರೂ ಏನಾದರೂ ಕೇಳಿದರೆ ಅವಳ ಪರವಾಗಿ ನೀನೇ ಉತ್ತರ ಕೊಡುತ್ತೀಯ. ಮದುವೆ ಮನೆಗೆ ಬರಲ್ಲ ಅಂದರೆ ಸರಿ ಬಿಡು ಅನ್ನುತ್ತೀಯ. ತಪ್ಪಿಸಿಕೊಂಡ ಗಳಿಗೆಗೆ ಹಾಯೆನಿಸುತ್ತದೆ, ಮುಂದಿನ ಸಲ ಹೆದರಿಕೆ ಇನ್ನೂ ದೊಡ್ಡದಾಗಿರುತ್ತದೆ. ಹಾಗಂತ ಏಕಾಏಕಿ ತಳ್ಳಲೂಬೇಡ. ಮೊದಲು ಅಂಗಡಿಯಲ್ಲಿ ಅವಳೇ ಕೇಳಿ ಸಾಮಾನು ತರಲಿ. ಅದು ಸಲೀಸಾದ ಮೇಲೆ ಟೀಚರಿಗೆ ಒಂದು ಪ್ರಶ್ನೆ. ಆಮೇಲೆ ನೆಂಟರ ಮನೆಯಲ್ಲಿ ಒಂದು ಗಂಟೆ. ಎದೆ ಢವಢವ ಇಳಿಯುವ ತನಕ ಅಲ್ಲೇ ಇರಲಿ, ನಡುವೆ ಎಬ್ಬಿಸಿಕೊಂಡು ಬರಬೇಡ. "ಯಾಕೆ ಮಾತೇ ಆಡಲ್ಲ ಇವಳು?" ಅಂತ ನಾಲ್ಕು ಜನರ ಮುಂದೆ ಕೇಳುವ ಅತ್ತೆಯಂದಿರನ್ನು ನೀನೇ ಸುಮ್ಮನಾಗಿಸಬೇಕು.

ಮಾತು ಕಡಿಮೆ ಅನ್ನುವುದು ಅವಳ ಸ್ವಭಾವ. ಇರುವ ಒಬ್ಬ ಗೆಳತಿಗೂ ಫೋನ್ ಮಾಡದಿದ್ದರೆ, ಇಷ್ಟಪಟ್ಟು ಮಾಡುತ್ತಿದ್ದುದನ್ನು ಬಿಟ್ಟರೆ, ನಿದ್ದೆ, ಊಟ, ಮಾರ್ಕ್ಸ್ ಏರುಪೇರಾದರೆ ಅದು ಸ್ವಭಾವವಲ್ಲ, ಬದಲಾವಣೆ. ಎರಡು ವಾರ ಬಿಡದೆ ಹೀಗೇ ಇದ್ದರೆ ಡಾಕ್ಟರ ಹತ್ತಿರ ಹೋಗಬೇಕು. ಶಾಲೆಗೆ ಹೋಗುವ ಈ ವಯಸ್ಸಿನಲ್ಲಿ ಖಿನ್ನತೆ ಬರೀ ಸಿಡುಕಾಗಿಯೂ ಕಾಣಿಸಬಹುದು, ಮಗನಲ್ಲೂ ಇದನ್ನು ಗಮನಿಸು. ಸಾಯುವ ಮಾತು ಬಂದರೆ ಎರಡು ವಾರ ಕಾಯಬೇಡ. ನೇರವಾಗಿ ಕೇಳು, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬಳನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಫೋನ್ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಈ ವಾರ ಅವಳ ಕ್ಲಾಸ್ ಟೀಚರನ್ನು ಕಂಡು, ಊಟದ ಬಿಡುವಿನಲ್ಲಿ ಯಾರ ಜೊತೆ ಕೂರುತ್ತಾಳೆ ಅಂತ ಕೇಳಿ ನನಗೆ ಬರೆ.

ಇತಿ,
ನಿನ್ನ ದೊಡ್ಡಮ್ಮ