‘ಗ್ರೌಂಡ್ ರನ್ ತೃಪ್ತಿಕರ’ ಎಂದು ಸಹಿ ಹಾಕುವ ಮುನ್ನ

ಸಂಪಾದಕರಿಗೆ,

ಮಾನ್ಯರೆ,

ಪೈಲಟ್ ತರಬೇತಿ, ಸಣ್ಣ ವಿಮಾನಗಳ ಕುರಿತು ಪತ್ರಿಕೆಗಳಲ್ಲಿ ಈಚೆಗೆ ಬರಹಗಳು ಹೆಚ್ಚಾಗಿವೆ. ಒಳ್ಳೆಯದೇ. ಆದರೆ ಅವುಗಳಲ್ಲಿ ಕೆಲವು ‘ಮ್ಯಾಗ್ನೆಟೊ ಕಾಲ ಮುಗಿಯಿತು, ಎಲೆಕ್ಟ್ರಾನಿಕ್ ಇಗ್ನಿಷನ್ ಬಂದಿದೆ, ಇನ್ನು ತಾಪತ್ರಯವಿಲ್ಲ’ ಎಂಬ ಧಾಟಿಯಲ್ಲಿವೆ. ಎಂಜಿನ್ನಿನೊಳಗೆ ಇಂಧನ ಹೊತ್ತಿಸುವ ಕಿಡಿಯ ವ್ಯವಸ್ಥೆಯೇ ಇಗ್ನಿಷನ್. ಹಳೆಯ ಮ್ಯಾಗ್ನೆಟೊದಲ್ಲಿ ಕಿಡಿಗಾಗಿ ತೆರೆದು ಮುಚ್ಚುವ ಪಾಯಿಂಟ್ ಸವೆಯುತ್ತಿದ್ದ ಕಾಟ ತಪ್ಪಿದ್ದು ನಿಜ. ಅದರ ಜಾಗದಲ್ಲಿ ಬಂದು ಹೋಗುವ ದೋಷ ಬಂದು ಕೂತಿದೆ. ಹಾರುವಾಗ ಎಂಜಿನ್ ಎರಡು ಸಲ ತಡವರಿಸುತ್ತದೆ. ಇಳಿಸಿ, ಮರುದಿನ ಬೆಳಿಗ್ಗೆ ಹ್ಯಾಂಗರ್ ಮುಂದೆ ಓಡಿಸಿದರೆ ಏನೂ ಇಲ್ಲ. ವಿಮಾನದ ದೋಷ, ದುರಸ್ತಿ ಬರೆದಿಡುವ ಟೆಕ್ ಲಾಗ್‌ನಲ್ಲಿ ‘ಗ್ರೌಂಡ್ ರನ್ ಮಾಡಲಾಗಿದೆ, ತೃಪ್ತಿಕರ’ ಎಂದು ಬರೆದು ಸಹಿ ಬೀಳುತ್ತದೆ. ಆ ಒಂದು ಸಾಲಿನ ಬಗ್ಗೆ ಈ ಪತ್ರ.

ರೋಟ್ಯಾಕ್ಸ್ 912 ಎಂಜಿನ್ನನ್ನೇ ತೆಗೆದುಕೊಳ್ಳೋಣ. ನಮ್ಮಲ್ಲಿ ಹಾರುವ ಹಲವು ಮೈಕ್ರೊಲೈಟ್‌ಗಳಿಗೆ (ಪುಟ್ಟ ಹಗುರ ವಿಮಾನಗಳಿಗೆ) ಇದೇ ಎಂಜಿನ್. ಬೆಂಗಳೂರಿನ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ರೂಪಿಸಿದ ಹಂಸ-3 ವಿಮಾನದಲ್ಲಿರುವುದು ಇದೇ ಬಳಗದ ಟರ್ಬೊ ಎಂಜಿನ್ 914. ಕಾರ್ಬ್ಯುರೇಟರ್ ಇರುವ ಈ ಎಂಜಿನ್‌ಗಳಲ್ಲಿ ಎ ಮತ್ತು ಬಿ ಎಂಬ ಎರಡು ಸ್ವತಂತ್ರ ಇಗ್ನಿಷನ್ ಸರ್ಕ್ಯೂಟ್‌ಗಳಿವೆ. ಒಂದೊಂದಕ್ಕೂ ಜನರೇಟರ್ ಒಳಗೆ ತನ್ನದೇ ಚಾರ್ಜಿಂಗ್ ಕಾಯಿಲ್, ತನ್ನದೇ ಮಾಡ್ಯೂಲ್ (ಕಿಡಿ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ), ಕಿಡಿಯ ಕ್ಷಣ ತಿಳಿಸುವ ಎರಡು ಟ್ರಿಗರ್ ಕಾಯಿಲ್, ಪ್ಲಗ್‌ಗೆ ಹೈ ವೋಲ್ಟೇಜ್ ಕೊಡುವ ಎರಡು ಇಗ್ನಿಷನ್ ಕಾಯಿಲ್. ಎಂಜಿನ್ ತಿರುಗುತ್ತಿರುವಾಗ ಬ್ಯಾಟರಿ ಸತ್ತರೂ ಕಿಡಿ ನಿಲ್ಲುವುದಿಲ್ಲ. ಆದ್ದರಿಂದ ತಡವರಿಸಿತು ಎಂದೊಡನೆ ಬ್ಯಾಟರಿ, ರೆಗ್ಯುಲೇಟರ್ ಬದಲಿಸುವುದು ದುಡ್ಡು ದಂಡ. ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಲೆಕ್ಕ) ತೋರಿಸುವ ಮುಳ್ಳು ಕುಣಿಯಿತೆಂದು ಇಗ್ನಿಷನ್ ಮೇಲೆ ಗೂಬೆ ಕೂರಿಸುವುದೂ ಸಲ್ಲ. ಆ ಮೀಟರಿಗೆ ಸಂಕೇತ ಕೊಡುವುದು ಈ ನಾಲ್ಕು ಟ್ರಿಗರ್ ಕಾಯಿಲ್‌ಗಳಲ್ಲ, ಐದನೆಯ, ಬೇರೆಯದೇ ಕಾಯಿಲ್. ಮುಳ್ಳು ಕುಣಿದರೂ ಎಂಜಿನ್ ಸದ್ದು ಬದಲಾಗದಿದ್ದರೆ ಮೀಟರಿನ ವೈರ್ ಹಿಡಿದು ಹೋಗಿ.

ಮೊದಲು ಕೇಳಬೇಕಾದ್ದು: ಇದು ನಿಜಕ್ಕೂ ಇಗ್ನಿಷನ್ ದೋಷವೇ? ಎರಡೂ ಸ್ವಿಚ್ ಆನ್ ಇರುವಾಗ ಒಂದು ಸರ್ಕ್ಯೂಟ್ ಪೂರ್ತಿ ಸತ್ತರೂ ಎಂಜಿನ್ ಒಂದಿಷ್ಟು ಆರ್‌ಪಿಎಂ ಕಳೆದುಕೊಂಡು ಓಡುತ್ತಲೇ ಇರುತ್ತದೆ. ಅನೇಕ ಪೈಲಟ್‌ಗಳಿಗೆ ಗೊತ್ತೇ ಆಗುವುದಿಲ್ಲ. ಎರಡೂ ಆನ್ ಇದ್ದು ಎಂಜಿನ್ ಜೋರಾಗಿ ಮುಗ್ಗರಿಸುತ್ತಿದ್ದರೆ ಮೊದಲ ಅನುಮಾನ ಇಂಧನದ ಮೇಲೆ ಇರಲಿ: ಬಿಸಿಲಲ್ಲಿ ನಿಂತ ವಿಮಾನದಲ್ಲಿ ಪೈಪಿನೊಳಗಿನ ಆವಿ, ಕಾರ್ಬ್ಯುರೇಟರಿನ ಇಂಧನ ಬಟ್ಟಲಲ್ಲಿ (ಫ್ಲೋಟ್ ಬೌಲ್) ನೀರು ಅಥವಾ ಕಸ, ಮೋಡ ಕವಿದ ತಂಪು ಬೆಳಗಿನಲ್ಲಿ ಕಾರ್ಬ್ಯುರೇಟರ್ ಒಳಗೆ ಕಟ್ಟುವ ಮಂಜುಗಡ್ಡೆ. ಬೆಂಗಳೂರಿನ ಮಳೆಗಾಲದ ಹವೆ ಈ ಕೊನೆಯದಕ್ಕೆ ಹೇಳಿ ಮಾಡಿಸಿದಂತಿದೆ. ಒಂದು ಸರ್ಕ್ಯೂಟ್ ಆರಿಸಿ ಇನ್ನೊಂದರಲ್ಲಿ ಓಡಿಸಿದಾಗ ಲಕ್ಷಣವೂ ಬದಲಾದರೆ ಮಾತ್ರ ಇಗ್ನಿಷನ್ ಕಡೆ ಬನ್ನಿ.

ತಪಾಸಣೆಯ ಲೆಕ್ಕ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತಿರುವುದೇ. ಆಯಿಲ್ ಬಿಸಿಯಾದ ಮೇಲೆ 4000 ಆರ್‌ಪಿಎಂನಲ್ಲಿ ಒಂದೊಂದೇ ಸರ್ಕ್ಯೂಟ್ ಆರಿಸಿ ನೋಡಬೇಕು. ಆರ್‌ಪಿಎಂ ಇಳಿತ 300 ಮೀರಬಾರದು, ಎರಡರ ಇಳಿತದ ನಡುವಿನ ಅಂತರ 115 ದಾಟಬಾರದು. ಎಡವಟ್ಟಾಗುವುದು ಸಮಯದಲ್ಲಿ. ಎಂಜಿನ್ ನಿಂತೊಡನೆ ಗಾಳಿಯ ಹರಿವು ನಿಲ್ಲುತ್ತದೆ, ಎಂಜಿನ್ ಮುಚ್ಚುವ ಹೊದಿಕೆಯಾದ ಕೌಲಿಂಗ್ ಒಳಗಿನ ಬಿಸಿ ಮೇಲೇರಿ ಮಾಡ್ಯೂಲ್‌ಗಳ ಸುತ್ತ ತುಂಬಿಕೊಳ್ಳುತ್ತದೆ. ಮಾಡ್ಯೂಲ್‌ನ ಮಿತಿ 80 ಡಿಗ್ರಿ ಸೆಲ್ಸಿಯಸ್. ಹಾರಾಟದಲ್ಲಿ ಅದರ ಕೆಳಗೇ ಇದ್ದದ್ದು ಬಂದ್ ಮಾಡಿದ ಕಾಲು ಗಂಟೆಯೊಳಗೆ ಮಿತಿ ಮೀರಬಹುದು. ಬಂದು ಹೋಗುವ ದೋಷ ತಲೆ ಹಾಕುವುದು ಆಗ. ಆದ್ದರಿಂದ ವಿಮಾನ ಇಳಿದ ತಕ್ಷಣ, ಕೌಲಿಂಗ್ ತೆಗೆಯದೆ ಒಮ್ಮೆ ಪರೀಕ್ಷಿಸಿ. ಬಂದ್ ಮಾಡಿ ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿ ಇನ್ನೊಮ್ಮೆ ಪರೀಕ್ಷಿಸಿ. ರಾತ್ರಿಯಿಡೀ ತಣಿದ ಎಂಜಿನ್ನನ್ನು ಬೆಳಿಗ್ಗೆ ಓಡಿಸಿ ‘ತೃಪ್ತಿಕರ’ ಎನ್ನುವುದು ಜ್ವರ ಇಳಿದ ಮೇಲೆ ಥರ್ಮಾಮೀಟರ್ ಇಟ್ಟ ಹಾಗೆ. ಮಾಡ್ಯೂಲ್ ಮೇಲೆ ಬಣ್ಣ ಬದಲಿಸುವ ಉಷ್ಣತೆಯ ಸ್ಟಿಕ್ಕರ್ ಒಂದನ್ನು ಅಂಟಿಸಿದರೆ ಅದು ಎಷ್ಟು ಬಿಸಿ ಕಂಡಿದೆ ಎಂಬ ಸಾಕ್ಷಿ ಉಳಿಯುತ್ತದೆ.

ದೋಷ ಸಿಕ್ಕಿತೆನ್ನಿ. ಈಗ ಯಾವ ಸಿಲಿಂಡರ್ ಸತ್ತಿದೆ ಎಂಬುದೇ ದಾರಿದೀಪ. ನಾಲ್ಕು ಸಿಲಿಂಡರ್‌ಗಳಲ್ಲಿ ಒಂದೊಂದಕ್ಕೂ ಮೇಲೊಂದು, ಕೆಳಗೊಂದು ಪ್ಲಗ್. ಎ ಸರ್ಕ್ಯೂಟ್ 1 ಮತ್ತು 2ನೇ ಸಿಲಿಂಡರಿನ ಮೇಲಿನ ಪ್ಲಗ್‌ಗಳಿಗೂ 3 ಮತ್ತು 4ರ ಕೆಳಗಿನ ಪ್ಲಗ್‌ಗಳಿಗೂ ಕಿಡಿ ಕೊಡುತ್ತದೆ. ಬಿ ಇದರ ತಿರುಗುಮುರುಗು. 1 ಮತ್ತು 2 ಒಂದೇ ಕಾಯಿಲ್‌ನಿಂದ, 3 ಮತ್ತು 4 ಇನ್ನೊಂದರಿಂದ. ದೋಷವಿರುವ ಸರ್ಕ್ಯೂಟ್ ಒಂದರಲ್ಲೇ ಸ್ವಲ್ಪ ಹೊತ್ತು ಓಡಿಸಿ, ಬಂದ್ ಮಾಡಿದೊಡನೆ ನಾಲ್ಕೂ ಎಗ್ಸಾಸ್ಟ್ ಪೈಪುಗಳ ಬುಡಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಒಂದೇ ಪೈಪು ತಣ್ಣಗಿದ್ದರೆ ಪ್ಲಗ್, ಕ್ಯಾಪ್ ಅಥವಾ ಆ ಒಂದು ಕೇಬಲ್. ಜೋಡಿಯೇ ತಣ್ಣಗಿದ್ದರೆ ಇಗ್ನಿಷನ್ ಕಾಯಿಲ್, ಟ್ರಿಗರ್ ಕಾಯಿಲ್, ಅವುಗಳ ಕನೆಕ್ಟರ್ ಅಥವಾ ಮಾಡ್ಯೂಲ್‌ನ ಅರ್ಧ ಭಾಗ. ಆ ಸರ್ಕ್ಯೂಟ್‌ಗೆ ಬದಲಿಸಿದೊಡನೆ ಎಂಜಿನ್ನೇ ನಿಲ್ಲುತ್ತದೆಂದರೆ ನಾಲ್ಕಕ್ಕೂ ಸಮಾನವಾದ್ದು: ಚಾರ್ಜಿಂಗ್ ಕಾಯಿಲ್, ಮಾಡ್ಯೂಲ್ ಇಲ್ಲವೇ ಕಿಡಿ ಆರಿಸಲು ಸ್ವಿಚ್ಚಿಗೆ ಹೋಗುವ ಕಿಲ್ ವೈರ್. ಎಗ್ಸಾಸ್ಟ್ ಉಷ್ಣತೆ ತೋರಿಸುವ ಮೀಟರ್ ನಾಲ್ಕಕ್ಕೂ ಇದ್ದರೆ ಇನ್ನೂ ಸುಲಭ. ಒಂದೇ ಪ್ಲಗ್‌ನಲ್ಲಿ ಓಡುವ ಆರೋಗ್ಯವಂತ ಸಿಲಿಂಡರಿನಲ್ಲಿ ದಹನ ನಿಧಾನವಾಗಿ, ಎಗ್ಸಾಸ್ಟ್ ಉಷ್ಣತೆ ಏರಬೇಕು, ಇಳಿದದ್ದೇ ಕಳ್ಳ.

ಕಿಲ್ ವೈರ್ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳಬೇಕು, ಏಕೆಂದರೆ ಅದನ್ನು ಯಾರೂ ಮೊದಲು ನೋಡುವುದಿಲ್ಲ. ಈ ವೈರ್ ಅರ್ತ್ ಆದರೆ, ಅಂದರೆ ಎಂಜಿನ್ ಅಥವಾ ವಿಮಾನದ ಲೋಹಕ್ಕೆ ತಾಗಿದರೆ, ಕಿಡಿ ನಿಲ್ಲುತ್ತದೆ, ತುಂಡಾದರೆ ಕಿಡಿ ಯಾವಾಗಲೂ ಇರುತ್ತದೆ. ಎಂಜಿನ್‌ಗೂ ಕಾಕ್‌ಪಿಟ್ಟಿಗೂ ನಡುವಿನ ತಗಡಿನ ಗೋಡೆಯ (ಫೈರ್‌ವಾಲ್) ತೂತಿನಲ್ಲಿರುವ ರಬ್ಬರ್ ಬಳೆ (ಗ್ರೊಮೆಟ್) ಗಟ್ಟಿಯಾಗಿ ಸೀಳಿದ ಜಾಗದಲ್ಲಿ ಇನ್ಸುಲೇಷನ್ ಸವೆದು, ಒಳಗಿನ ತಾಮ್ರ ಹೊಳೆಯುವ ಕೂದಲೆಳೆಯಷ್ಟು ಇಣುಕುತ್ತಿರುತ್ತದೆ. ಎಂಜಿನ್ ಒಂದು ನಿರ್ದಿಷ್ಟ ಆರ್‌ಪಿಎಂನಲ್ಲಿ ಅದುರಿದಾಗ ಮಾತ್ರ ತಗಡಿಗೆ ತಾಗುತ್ತದೆ. ಪರೀಕ್ಷೆಗೆ ಅನುಮಾನದ ಸರ್ಕ್ಯೂಟ್‌ನ ಕಿಲ್ ವೈರ್ ಅನ್ನು ಮಾಡ್ಯೂಲ್ ಬಳಿ ಬಿಚ್ಚಿ, ಅಲ್ಲಿಂದ ಅರ್ತ್‌ಗೆ ಒಂದು ತಾತ್ಕಾಲಿಕ ಸ್ವಿಚ್ ಹಾಕಿ ಅದರ ವೈರ್ ಅನ್ನು ಕಾಕ್‌ಪಿಟ್ಟಿಗೆ ಎಳೆದುಕೊಳ್ಳಿ. ದೋಷ ಮಾಯವಾದರೆ ಎಂಜಿನ್ ನಿರಪರಾಧಿ. ತಪ್ಪು ವಿಮಾನದ ವೈರಿಂಗ್ ಅಥವಾ ಸ್ವಿಚ್ಚಿನದು. ಸ್ವಿಚ್ ಹಾಕದೆ ಬರೀ ಬಿಚ್ಚಿಟ್ಟರೆ ಕೀಲಿ ತೆಗೆದರೂ ಪ್ರೊಪೆಲ್ಲರ್ ಜೀವಂತ. ಕೈಯಲ್ಲಿ ತಿರುಗಿಸಿದವರ ಕೈ ಹೋಗಬಹುದು. ಓಡುತ್ತಿರುವ ಎಂಜಿನ್‌ನ ಪ್ಲಗ್ ಕ್ಯಾಪ್ ಕಿತ್ತು ನೋಡುವ ಸ್ಕೂಟರ್ ಗ್ಯಾರೇಜಿನ ಚಾಳಿಯನ್ನೂ ಇಲ್ಲಿ ತರಬೇಡಿ. ಶಾಕ್ ಒಂದು ಕಡೆ, ದಾರಿ ಸಿಗದ ಕಿಡಿ ಕಾಯಿಲ್ ಮತ್ತು ಮಾಡ್ಯೂಲನ್ನೂ ಸುಡಬಹುದು.

ಪ್ಲಗ್ ಕ್ಯಾಪ್ ಕೇಬಲ್‌ಗೆ ತಿರುಪಿ ಹಾಕುವಂಥದ್ದು. ಬಿಚ್ಚಿ ನೋಡಿದಾಗ ಒಳಗೆ ಬೂದಿ ಬಣ್ಣದ ಸಣ್ಣ ಗೆರೆ ಕಂಡರೆ ಕಿಡಿ ಅಡ್ಡದಾರಿ ಹಿಡಿದಿದೆ ಎಂದರ್ಥ, ಕ್ಯಾಪ್ ಬದಲಿಸಿ. ಒಳಗಿನ ರೆಸಿಸ್ಟರ್ ಸುಮಾರು 5 ಕಿಲೊಓಮ್ ತೋರಿಸಬೇಕು. ತಣ್ಣಗಿದ್ದಾಗ ಸರಿಯಿದ್ದು ಹೇರ್ ಡ್ರೈಯರ್ ಗಾಳಿಗೆ ಹಿಡಿದಾಗ ಮೀಟರ್ ಎತ್ತೆತ್ತಲೋ ಓಡಿದರೆ ಅದನ್ನು ಕಸದ ಬುಟ್ಟಿಗೆ ಹಾಕಿ. ಕೇಬಲ್ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ, ತಾಜಾ ತಂತಿಗೆ ಕ್ಯಾಪ್ ತಿರುಪಿ. ಪ್ಲಗ್ ಮೇಲೆ ಸಲೀಸಾಗಿ ಜಾರಿ ಕೂರುವ ಕ್ಯಾಪ್ ಕೂಡ ಅನುಮಾನಾಸ್ಪದ. ಅದನ್ನು ಎಳೆಯಲು ಕನಿಷ್ಠ 30 ನ್ಯೂಟನ್, ಅಂದರೆ ಸುಮಾರು ಮೂರು ಕೆಜಿ ಬಲ ಬೇಕು.

ಟ್ರಿಗರ್ ಕಾಯಿಲ್‌ಗಳನ್ನು ಒಂದಕ್ಕೊಂದು ಹೋಲಿಸಿ ಅಳೆಯುವುದು ನನ್ನ ಮಟ್ಟಿಗೆ ಪುಸ್ತಕದ ಅಂಕಿಗಿಂತ ಹೆಚ್ಚು ಹೇಳುತ್ತದೆ: ನಾಲ್ಕನ್ನೂ ತಣ್ಣಗೆ ಒಮ್ಮೆ, ಬಿಸಿಯಾಗಿ ಒಮ್ಮೆ. ಬಿಸಿಯಲ್ಲಿ ಒಂದು ಮಾತ್ರ ಗುಂಪು ಬಿಟ್ಟು ಹೋದರೆ ಸಿಕ್ಕಿತು. ಕನೆಕ್ಟರ್ ಪಿನ್‌ಗಳನ್ನು ಕಣ್ಣಲ್ಲಿ ನೋಡಿದರೆ ಸಾಲದು, ಬಿಡಿ ಪಿನ್ ಒಂದನ್ನು ತೂರಿಸಿ ಬಿಗಿ ಪರೀಕ್ಷಿಸಿ. ಮಾಡ್ಯೂಲ್ ಮೇಲೆಯೇ ಅನುಮಾನವಿದ್ದರೆ ಹೊಸದನ್ನು ತರಿಸುವ ಮೊದಲು ಎ, ಬಿ ಎರಡನ್ನೂ ಅದಲುಬದಲು ಮಾಡಿ ನೋಡಿ. ದೋಷ ಮಾಡ್ಯೂಲ್ ಜೊತೆ ಹೋಯಿತೋ, ಇದ್ದಲ್ಲೇ ಉಳಿಯಿತೋ? ಇದ್ದಲ್ಲೇ ಉಳಿದರೆ ಬಹಳ ದುಡ್ಡು ಉಳಿದ ಹಾಗೆ. ಎಂಜಿನ್‌ನಿಂದ ವಿಮಾನದ ಚೌಕಟ್ಟಿಗೆ ಬರುವ ಹೆಣೆದ ಅರ್ತ್ ಪಟ್ಟಿಯನ್ನೂ ಮರೆಯಬೇಡಿ. ಸ್ಟಾರ್ಟರ್ ಒತ್ತಿದಾಗ ಎಂಜಿನ್ ಮೈಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅರ್ಧ ವೋಲ್ಟ್‌ಗಿಂತ ಹೆಚ್ಚು ಕಂಡರೆ ಪಟ್ಟಿ ಬಿಚ್ಚಿ ಉಜ್ಜಿ ಬಿಗಿಯಿರಿ. ಪ್ರಮಾಣೀಕೃತ ವಿಮಾನದಲ್ಲಿ ಇವೆಲ್ಲವೂ ತಯಾರಕರ ಕೈಪಿಡಿಯಂತೆ, ಪರವಾನಗಿ ಇರುವ ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಸಹಿಯೊಂದಿಗೇ ಆಗಬೇಕು.

ತರಬೇತಿ ಸಂಸ್ಥೆಗಳಲ್ಲಿ ಒಂದು ಕೋರಿಕೆ. ವಿದ್ಯಾರ್ಥಿ ಸ್ನ್ಯಾಗ್ (ದೋಷದ ವರದಿ) ಬರೆಯುವಾಗ ‘ಎಂಜಿನ್ ರಫ್’ ಎಂದಷ್ಟೇ ಬರೆಯಲು ಬಿಡಬೇಡಿ. ಯಾವ ಸರ್ಕ್ಯೂಟ್, ಎಷ್ಟು ಆರ್‌ಪಿಎಂನಿಂದ ಎಷ್ಟಕ್ಕೆ, ಆಯಿಲ್ ಉಷ್ಣತೆ, ಚಾಲೂ ಮಾಡಿ ಎಷ್ಟು ಹೊತ್ತಾಗಿತ್ತು, ಹಿಂದಿನ ಹಾರಾಟ ಮುಗಿದು ಎಷ್ಟು ಹೊತ್ತಾಗಿತ್ತು, ಮಳೆಯಿತ್ತೇ, ರೇಡಿಯೊ ಗುಂಡಿ ಒತ್ತಿದ್ದರೇ ಎಂದು ಬರೆಸಿ.

ಎನ್‌ಎಎಲ್‌ನ ಹೊಸ ಹಂಸ-ಎನ್‌ಜಿ ವಿಷಯ ಸ್ವಲ್ಪ ಬೇರೆ. 2021ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಹಾರಿದ, 2022ರ ಮೇನಲ್ಲಿ ಚಳ್ಳಕೆರೆಯ ಪರೀಕ್ಷಾ ವಲಯದಲ್ಲಿ ಗಾಳಿಯಲ್ಲೇ ಎಂಜಿನ್ ಮರುಚಾಲನೆಯ ಪರೀಕ್ಷೆ ಮುಗಿಸಿದ ಈ ವಿಮಾನದಲ್ಲಿರುವುದು ಫ್ಯೂಯಲ್ ಇಂಜೆಕ್ಷನ್‌ನ 912 ಐಎಸ್ ಎಂಜಿನ್. ಇಲ್ಲಿ ಇಗ್ನಿಷನ್, ಇಂಧನ ಎರಡೂ ಎ, ಬಿ ಎಂಬ ಎರಡು ಲೇನ್‌ಗಳ (ಒಂದಕ್ಕೊಂದು ಬದಲಿಯಾಗಿ ನಿಲ್ಲುವ ಭಾಗಗಳ) ಕಂಪ್ಯೂಟರ್ ಕೈಯಲ್ಲಿವೆ, ವಿದ್ಯುತ್ ಇಲ್ಲದೆ ಎಂಜಿನ್ ಓಡದು. ಲೇನ್ ದೀಪ ಹೊತ್ತಿ ಆರಿದರೂ ದೋಷದ ದಾಖಲೆ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಆ ದಾಖಲೆ ಓದಲು ತಯಾರಕರ ಬಿಯುಡಿಎಸ್ ಸಾಫ್ಟ್‌ವೇರ್ ಜೋಡಿಸಿದವರು ಕೋಡ್ ಅಳಿಸಿ ಕೈತೊಳೆದುಕೊಳ್ಳದೆ, ಮೊದಲು ಅದರ ಪ್ರತಿ ತೆಗೆದು ಲಾಗ್‌ಬುಕ್‌ಗೆ ಲಗತ್ತಿಸಲಿ.

– ಒಬ್ಬ ವಿಮಾನ ನಿರ್ವಹಣಾ ಎಂಜಿನಿಯರ್, ಬೆಂಗಳೂರು