ಸೋರಿಯಾಸಿಸ್: ಮುಲಾಮು ಹಚ್ಚುವ ಮುನ್ನ ಇಷ್ಟು ಓದಿಕೋ

ಚಿ. ಸುಮಂತನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಸೋರಿಯಾಸಿಸ್ ಎಂದು ಗೊತ್ತಾದಾಗಿನಿಂದ ಟವೆಲ್ಲು, ಬಾಚಣಿಗೆ ಬೇರೆ ಮಾಡಿಕೊಂಡು, ಮಗುವನ್ನು ಎತ್ತಿಕೊಳ್ಳಲೂ ಹಿಂಜರಿಯುತ್ತಿದ್ದೀಯಂತೆ. ಮೊದಲು ಅದನ್ನು ಬಿಡು. ಇದು ಅಂಟುರೋಗವಲ್ಲ. ಮುಟ್ಟಿದರೆ, ಒಟ್ಟಿಗೆ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಯಾರಿಗೂ ಬರುವುದಿಲ್ಲ. ರಕ್ತ ಕೆಟ್ಟಿತು ಎಂಬ ಮಾತಿಗೂ ಅರ್ಥವಿಲ್ಲ. ರೋಗನಿರೋಧಕ ವ್ಯವಸ್ಥೆ ಹದ ತಪ್ಪಿ ಚರ್ಮವನ್ನು ಅವಸರಪಡಿಸುತ್ತದೆ, ಅಷ್ಟೆ. ಚರ್ಮದ ಜೀವಕೋಶ ಒಳಗೆ ಹುಟ್ಟಿ ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಹಿಡಿಯಬೇಕು. ಇಲ್ಲಿ 3ರಿಂದ 5 ದಿನದಲ್ಲೇ ಮೇಲೆ ಬಂದುಬಿಡುತ್ತದೆ. ಉದುರಲು ಪುರಸೊತ್ತಿಲ್ಲದೆ ಒಂದರ ಮೇಲೊಂದು ಕೂತದ್ದೇ ಆ ಬೆಳ್ಳಗಿನ ಹುರುಪೆ. ಬೇರುಸಮೇತ ಕೀಳುವ ಔಷಧಿ ಇಂದಿಗೂ ಇಲ್ಲ. ಆದರೆ ಹತೋಟಿಯಲ್ಲಿಟ್ಟು ವರ್ಷಗಟ್ಟಲೆ ಚರ್ಮ ತಿಳಿಯಾಗಿರುವಂತೆ ನೋಡಿಕೊಳ್ಳಬಹುದು.

ಹೆಚ್ಚಿನವರು ಎಡವುವುದು ಮುಲಾಮಿನಲ್ಲಿ. ಕಮ್ಮಿಯಾಯಿತೆಂದು ಒಮ್ಮೆಲೇ ಬಿಡುತ್ತಾರೆ, ಮರಳಿ ಬಂದಾಗ ಸಿಕ್ಕಾಪಟ್ಟೆ ಬಳಿಯುತ್ತಾರೆ. ಅಳತೆ ಹೇಳುತ್ತೇನೆ ಕೇಳು. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ಎರಡು ಅಂಗೈಯಷ್ಟು ಅಗಲದ ಜಾಗಕ್ಕೆ ಅದು ಸಾಕು. ಸ್ಟೀರಾಯ್ಡ್ ಮುಲಾಮನ್ನು ಹುರುಪೆಯೆದ್ದ ಮಚ್ಚೆಯ ಮೇಲೆ ಮಾತ್ರ ಹಚ್ಚು. ಮೊಣಕೈಗೆ ಕೊಟ್ಟ ಪ್ರಬಲ ಮುಲಾಮನ್ನು ಮುಖ, ಕಂಕುಳು, ತೊಡೆಸಂದಿಗೆ ಮುಟ್ಟಿಸಬೇಡ. ಅಲ್ಲಿನ ಚರ್ಮ ಬೇಗ ತೆಳುವಾಗಿ ಗೆರೆ ಬೀಳುತ್ತದೆ.

ಎಂದು ಕಡಿಮೆ ಮಾಡಬೇಕು? ಕಣ್ಣು ಮುಚ್ಚಿ ಬೆರಳಾಡಿಸು. ಮಚ್ಚೆಯ ಅಂಚು ಕೈಗೆ ತಗಲದಿದ್ದರೆ ಅದು ತಗ್ಗಿದೆ ಎಂದರ್ಥ. ಉಳಿಯುವ ಕಂದು ಅಥವಾ ಬಿಳಿಚು ಕಲೆ ಬರೀ ಬಣ್ಣದ ಗುರುತು, ತಿಂಗಳುಗಳಲ್ಲಿ ತಾನಾಗಿ ಮಾಸುತ್ತದೆ. ಅದನ್ನು ಅಳಿಸಲು ಸ್ಟೀರಾಯ್ಡ್ ತಿಕ್ಕುತ್ತಲೇ ಇರುವುದು ದೊಡ್ಡ ತಪ್ಪು. ಅಂಚು ಹೋದ ಮೇಲೆ ವೈದ್ಯರನ್ನು ಕೇಳಿ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು ಸಲ ಎಂದು ಇಳಿಸು. ಕ್ಯಾಲ್ಸಿಪೊಟ್ರಿಯಾಲ್ ಎಂಬ ವಿಟಮಿನ್ ಡಿ ಬಗೆಯ ಮುಲಾಮು ಕೊಟ್ಟಿದ್ದರೆ ಅದೇ ಜಾಗಕ್ಕೆ ಜೊತೆಯಲ್ಲೇ ಹುರುಪೆ ಸಡಿಲಿಸುವ ಸ್ಯಾಲಿಸಿಲಿಕ್ ಆಮ್ಲದ ಮುಲಾಮು ಬೇಡ. ಆಮ್ಲ ತಗಲಿದರೆ ಆ ಔಷಧಿಯ ಶಕ್ತಿ ಹೋಗುತ್ತದೆ.

ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ ಸಾಕು. ಮೈ ಉಜ್ಜದೆ ಒತ್ತಿ ಒರೆಸಿ, ಪಸೆ ಆರುವ ಮುನ್ನ ಪೆಟ್ರೋಲಿಯಂ ಜೆಲ್ಲಿಯನ್ನೋ ದಪ್ಪ ಮಾಯಿಶ್ಚರೈಸರನ್ನೋ ಹಚ್ಚು. ಅದಕ್ಕೂ ಔಷಧಿಗೂ ಅರ್ಧ ಗಂಟೆ ಅಂತರವಿರಲಿ. ಮಚ್ಚೆ ಇರಲಿ ಇಲ್ಲದಿರಲಿ, ಮಾಯಿಶ್ಚರೈಸರನ್ನು ಒಂದು ದಿನವೂ ತಪ್ಪಿಸಬೇಡ. ತಲೆಗೆ ಲೋಶನ್ ಹಾಕುವಾಗ ಬೈತಲೆ ತೆಗೆಯುತ್ತಾ ನೆತ್ತಿಯ ಚರ್ಮಕ್ಕೇ ಬೀಳುವಂತೆ ಹಾಕು, ಕೂದಲಿಗೆ ಬಿದ್ದರೆ ದಂಡ. ಹುರುಪೆಯನ್ನು ಮೊದಲು ನೆನೆಸಿ ಮೆತ್ತಗಾಗಿಸು. ಬಾಚಣಿಗೆಯಿಂದ ಕೆರೆದರೆ ಗೀರಿದ ಜಾಗದಲ್ಲೇ ಒಂದೆರಡು ವಾರದಲ್ಲಿ ಹೊಸ ಮಚ್ಚೆ ಏಳಬಹುದು.

ಸಿಗರೇಟು, ಮದ್ಯ, ಏರಿದ ತೂಕ, ಮನಸ್ಸಿನ ಒತ್ತಡ, ಗಂಟಲಿನ ಸೋಂಕು ಇದನ್ನು ಕೆರಳಿಸುತ್ತವೆ. ರಕ್ತದೊತ್ತಡದ ಕೆಲವು ಬೀಟಾ ಬ್ಲಾಕರ್ ಮಾತ್ರೆಗಳು, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ಮಲೇರಿಯಾದ ಕ್ಲೋರೊಕ್ವಿನ್ ಕೂಡ. ಯಾವ ವೈದ್ಯರ ಬಳಿ ಹೋದರೂ ಸೋರಿಯಾಸಿಸ್ ಇದೆಯೆಂದು ಹೇಳಿಬಿಡು. ವಾರದಲ್ಲಿ ಮಾಯ ಮಾಡುತ್ತೇವೆಂದು ಹೆಸರಿಲ್ಲದ ಪುಡಿ, ಮಾತ್ರೆ ಕೊಡುವವರ ಹತ್ತಿರ ಸುಳಿಯಲೇಬೇಡ. ಅದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದರೆ, ನಿಲ್ಲಿಸಿದ ಕೂಡಲೇ ಮೈತುಂಬ ಕೀವುಗುಳ್ಳೆ ಏಳುವ ಅಪಾಯವುಂಟು. ಮೈಯೆಲ್ಲ ಕೆಂಪಾಗಿ ಚಳಿ ನಡುಕ ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಮುಲಾಮಿಗೆ ಬಗ್ಗದಿದ್ದರೆ 311 ನ್ಯಾನೊಮೀಟರ್‌ನ ಯುವಿಬಿ (ಒಂದು ಬಗೆಯ ನೇರಳಾತೀತ) ಬೆಳಕಿನ ಚಿಕಿತ್ಸೆಯಿದೆ. ವಾರಕ್ಕೆ 2–3 ಸಲದಂತೆ ಸಾಮಾನ್ಯವಾಗಿ 20ರಿಂದ 30 ಸಲ ಹೋಗಬೇಕಾಗುತ್ತದೆ. ರೋಗನಿರೋಧಕ ವ್ಯವಸ್ಥೆಯ ಅವಸರ ತಗ್ಗಿಸುವ ಮೆಥೊಟ್ರೆಕ್ಸೇಟ್ ಮಾತ್ರೆ ಬರೆದುಕೊಟ್ಟರೆ ಒಂದು ಮಾತು ನೆನಪಿಡು: ಅದು ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಆ ದಿನ ಯಾವುದೆಂದು ಗೊತ್ತುಮಾಡಿ ಮಾತ್ರೆಯ ಡಬ್ಬಿಯ ಮೇಲೇ ಬರೆದಿಡು. ರಕ್ತಪರೀಕ್ಷೆ ತಪ್ಪಿಸಬೇಡ, ಮದ್ಯ ಮುಟ್ಟಬೇಡ. ಇನ್ನೊಂದು ಮಗುವಿನ ಯೋಚನೆಯಿದ್ದರೆ ಈ ಮಾತ್ರೆ ಶುರುಮಾಡುವ ಮೊದಲೇ ವೈದ್ಯರಿಗೆ ತಿಳಿಸು.

ಕೀಲುಗಳ ವಿಷಯ ಯಾರೂ ನಿನಗೆ ಹೇಳಿರಲಿಕ್ಕಿಲ್ಲ, ನನಗೆ ಹೆಚ್ಚು ಚಿಂತೆ ಅದರದ್ದೇ. ಈ ರೋಗವಿರುವ ಹತ್ತರಲ್ಲಿ ಮೂವರವರೆಗೂ ಸಂಧಿವಾತ ಬರುವುದುಂಟು. ತಡಮಾಡಿದರೆ ಸವೆದ ಕೀಲು ಮತ್ತೆ ಸರಿಹೋಗುವುದಿಲ್ಲ. ಬೆಳಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಕೈಕಾಲು ಬಿಗಿದಿರುತ್ತದೆಯೇ, ಹಿಮ್ಮಡಿ ನೋಯುತ್ತದೆಯೇ, ಯಾವುದಾದರೂ ಬೆರಳು ಬುಡದಿಂದ ತುದಿಯವರೆಗೆ ಊದಿದೆಯೇ, ಉಗುರಿನಲ್ಲಿ ಗುಂಡುಸೂಜಿ ಚುಚ್ಚಿದಂಥ ಗುಳಿಗಳಿವೆಯೇ? ಬೆಳಕಿನಲ್ಲಿ ಹತ್ತೂ ಉಗುರು ನೋಡಿ ಈ ವಾರವೇ ಬರೆ.

ಇಂತಿ,
ನಿನ್ನ ದೊಡ್ಡಮ್ಮ